ಟಾನ್ಸಿಲ್ ತೆಗೆಸಬೇಕೇ, ಬೇಡವೇ? ಮೊದಲು ಎಣಿಸಿ

ಪ್ರಶ್ನೆ: ನನ್ನ ಮಗನಿಗೆ ಎಂಟು ವರ್ಷ. ಅವನಿಗೆ ಪದೇ ಪದೇ ಟಾನ್ಸಿಲ್ ಆಗುತ್ತದೆ. ಜ್ವರ, ಉಗುಳು ನುಂಗಲೂ ಆಗದಷ್ಟು ನೋವು, ಶಾಲೆಗೆ ರಜೆ. ಒಬ್ಬ ವೈದ್ಯರು ಆಪರೇಷನ್ ಮಾಡಿಸಿ ತೆಗೆಸಿಬಿಡಿ ಎಂದರು. ಇನ್ನೊಬ್ಬರು ಬೇಡವೇ ಬೇಡ, ದೊಡ್ಡವನಾಗುತ್ತಾ ಸರಿಹೋಗುತ್ತದೆ ಎಂದರು. ಯಾರ ಮಾತು ನಂಬಲಿ?

ಉತ್ತರ: ಇಬ್ಬರೂ ತಪ್ಪು ಹೇಳಿಲ್ಲ. ಆದರೆ ಇಬ್ಬರಲ್ಲಿ ಯಾರ ಮಾತು ನಿಮ್ಮ ಮಗನಿಗೆ ಹೊಂದುತ್ತದೆ ಎಂದು ತಿಳಿಯಬೇಕಾದರೆ ನೀವು ಒಂದು ಲೆಕ್ಕ ಕೊಡಬೇಕು: ಎಷ್ಟು ಸಲ, ಯಾವಾಗ, ಪ್ರತಿ ಸಲವೂ ಏನೇನು ಕಂಡಿತು? 'ಪದೇ ಪದೇ' ಎಂಬ ಮಾತು ಸಾಕಾಗುವುದಿಲ್ಲ. ಇದು ತಾಯಿತಂದೆಯರನ್ನು ನಂಬದೆ ಹೇಳುವ ಮಾತಲ್ಲ. ಹೀಗೆ ಯಾಕೆ ಕೇಳಬೇಕಾಯಿತು ಎಂಬುದಕ್ಕೆ ಸುಮಾರು ತೊಂಬತ್ತು ವರ್ಷಗಳ ಸಂಶೋಧನೆಯ ಕಥೆಯೇ ಇದೆ.

ಮೊದಲು ಒಂದು ಮಾತು ಸರಿಮಾಡಿಕೊಳ್ಳೋಣ. 'ಟಾನ್ಸಿಲ್ ಆಗಿದೆ' ಎನ್ನುವುದು ನಮ್ಮ ರೂಢಿ. ಟಾನ್ಸಿಲ್ ಎಂಬುದು ಅಂಗದ ಹೆಸರು, ಎಲ್ಲರಿಗೂ ಇರುತ್ತದೆ. ಮಗುವಿಗೆ 'ಆ' ಅನ್ನಿಸಿ ಟಾರ್ಚ್ ಬಿಟ್ಟು ನೋಡಿ. ನಡುವೆ ಕಿರುನಾಲಗೆ ತೂಗುತ್ತಿರುತ್ತದೆ, ಅದರ ಎರಡೂ ಪಕ್ಕದ ಗೂಡುಗಳಲ್ಲಿ ಒಂದೊಂದು ಗುಲಾಬಿ ಬಣ್ಣದ ಉಂಡೆ ಕೂತಿರುತ್ತದೆ. ಅದರ ಮೈ ನುಣುಪಾಗಿಲ್ಲ, ತುಂಬ ಸಣ್ಣ ಸಣ್ಣ ಗುಳಿಗಳಿವೆ. ಉಸಿರಿನ ಜೊತೆ, ತಿನ್ನುವುದರ ಜೊತೆ ಬರುವ ಸೂಕ್ಷ್ಮಾಣುಗಳು ಆ ಗುಳಿಗಳಲ್ಲಿ ಸಿಕ್ಕಿಕೊಳ್ಳುತ್ತವೆ, ದೇಹದ ರಕ್ಷಣಾ ಕೋಶಗಳಿಗೆ ಅವುಗಳ ಮೊದಲ ಪರಿಚಯ ಆಗುವುದು ಅಲ್ಲೇ. ಮೂರರಿಂದ ಏಳೆಂಟು ವರ್ಷದವರೆಗೆ ಈ ಕೆಲಸ ಜೋರಾಗಿರುತ್ತದೆ, ಹಾಗಾಗಿ ಆ ವಯಸ್ಸಿನಲ್ಲಿ ಟಾನ್ಸಿಲ್ ದಪ್ಪಗಿರುವುದು ಸಹಜ. ಹರೆಯಕ್ಕೆ ಬರುವ ಹೊತ್ತಿಗೆ ತಾನಾಗಿ ಕುಗ್ಗುತ್ತದೆ. ಬರೀ ದಪ್ಪಗಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ತೆಗೆಯುವುದಿಲ್ಲ.

ಆದರೆ ಒಂದು ಕಾಲದಲ್ಲಿ ತೆಗೆಯುತ್ತಿದ್ದರು. ಇಬ್ಬರು ವೈದ್ಯರು ಎರಡು ಮಾತು ಹೇಳಿದರು ಎಂದು ನೀವು ಕಂಗಾಲಾಗಿದ್ದೀರಲ್ಲ, ಅದೇ ಗೊಂದಲವನ್ನು 1934ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂಕಿಗಳಲ್ಲಿ ಹಿಡಿದಿಟ್ಟಿತು. ಅಮೆರಿಕನ್ ಚೈಲ್ಡ್ ಹೆಲ್ತ್ ಅಸೋಸಿಯೇಷನ್ ನ್ಯೂಯಾರ್ಕಿನ ಶಾಲೆಗಳಿಂದ ಹನ್ನೊಂದು ವರ್ಷದ ಸಾವಿರ ಮಕ್ಕಳನ್ನು ಆರಿಸಿಕೊಂಡಿತು. ಅವರಲ್ಲಿ 611 ಮಕ್ಕಳ ಟಾನ್ಸಿಲ್ ಆಗಲೇ ಹೋಗಿತ್ತು. ಉಳಿದ 389 ಮಕ್ಕಳನ್ನು ವೈದ್ಯರು ಪರೀಕ್ಷಿಸಿ 174 ಮಂದಿಗೆ ಆಪರೇಷನ್ ಬೇಕು ಎಂದರು. ಬೇಡ ಎನಿಸಿಕೊಂಡ 215 ಮಕ್ಕಳನ್ನು ಬೇರೆ ವೈದ್ಯರ ಮುಂದೆ ನಿಲ್ಲಿಸಿದಾಗ ಅವರು 99 ಮಕ್ಕಳಿಗೆ ಬೇಕು ಎಂದರು. ಆಗಲೂ ಪಾರಾದ 116 ಮಕ್ಕಳನ್ನು ಮೂರನೆಯ ತಂಡಕ್ಕೆ ತೋರಿಸಿದರು, ಅವರು 51 ಮಕ್ಕಳನ್ನು ಆರಿಸಿದರು. ಸಾವಿರದಲ್ಲಿ ಕೊನೆಗೆ ಉಳಿದವರು 65. ಗಮನಿಸಿ: ಪ್ರತಿ ಸುತ್ತಿನಲ್ಲೂ ಹೆಚ್ಚುಕಡಿಮೆ ನೂರಕ್ಕೆ 45 ಮಕ್ಕಳು. ಹಿಂದಿನ ಸುತ್ತಿನಲ್ಲಿ 'ಇವರಿಗೆ ಏನೂ ಆಗಿಲ್ಲ' ಎನಿಸಿಕೊಂಡವರೇ ಮುಂದಿನ ಸುತ್ತಿಗೆ ಬಂದಿದ್ದರೂ ಆ ಪ್ರಮಾಣ ಕದಲಲಿಲ್ಲ. ಆ ವೈದ್ಯರಲ್ಲಿ ದುರುದ್ದೇಶ ಇತ್ತೆಂದು ನಾನು ನಂಬುವುದಿಲ್ಲ. ಗಂಟಲು ನೋಡಿ ನಿರ್ಧರಿಸಲು ಅವರ ಕೈಯಲ್ಲಿ ಅಳತೆಗೋಲೇ ಇರಲಿಲ್ಲ.

ನಾಲ್ಕು ವರ್ಷದ ನಂತರ, 1938ರಲ್ಲಿ, ಇಂಗ್ಲೆಂಡಿನ ವೈದ್ಯ ಜೆ. ಆಲಿಸನ್ ಗ್ಲೋವರ್ ಶಾಲಾಮಕ್ಕಳ ಟಾನ್ಸಿಲ್ ಆಪರೇಷನ್ನಿನ ಲೆಕ್ಕ ತೆಗೆದು ಮಂಡಿಸಿದರು. ಅಕ್ಕಪಕ್ಕದ ಊರುಗಳ ನಡುವೆಯೇ ಆಪರೇಷನ್ ಪ್ರಮಾಣ ಎಷ್ಟೋ ಪಟ್ಟು ಹೆಚ್ಚುಕಡಿಮೆ ಇತ್ತು, ಅದಕ್ಕೆ ಹವೆಯಾಗಲಿ ಬಡತನವಾಗಲಿ ಕಾರಣ ಕೊಡುತ್ತಿರಲಿಲ್ಲ. ಹಾರ್ನ್ಸಿ ಎಂಬಲ್ಲಿ 1928ರಲ್ಲಿ 186 ಆಪರೇಷನ್ ಆಗಿತ್ತು, 1929ರಲ್ಲಿ ಬರೀ 12. ನಡುವೆ ಬದಲಾದದ್ದು ಶಾಲಾ ವೈದ್ಯಾಧಿಕಾರಿ. ಮಕ್ಕಳ ಗಂಟಲು ಅದೇ ಇತ್ತು, ಆಪರೇಷನ್ ಇಳಿದದ್ದರಿಂದ ಅಲ್ಲಿ ಕಿವಿಸೋರಿಕೆಯಂಥ ತೊಂದರೆ ಹೆಚ್ಚಲೂ ಇಲ್ಲ.

ಅಳತೆಗೋಲು ಸಿಗಲು ಇನ್ನೂ ನಲವತ್ತು ವರ್ಷ ಬೇಕಾಯಿತು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಮಕ್ಕಳ ವೈದ್ಯ ಜ್ಯಾಕ್ ಪ್ಯಾರಡೈಸ್ ಮತ್ತು ಸಂಗಡಿಗರು ಮೊದಲು ಕೇಳಿದ್ದು ಬಹಳ ಸರಳ ಪ್ರಶ್ನೆ: 'ಪದೇ ಪದೇ ಆಗುತ್ತದೆ' ಎಂದು ಮನೆಯವರು ಹೇಳುವ ಮಕ್ಕಳನ್ನು ಕಾದು ನೋಡಿದರೆ ನಿಜಕ್ಕೂ ಅಷ್ಟು ಸಲ ಆಗುತ್ತದೆಯೇ? ಹಾಗೆ ಹೇಳಿಕೊಂಡು ಬಂದ, ಆದರೆ ಕಾಗದದ ಮೇಲೆ ದಾಖಲೆ ಇಲ್ಲದ 65 ಮಕ್ಕಳನ್ನು ಹಿಂಬಾಲಿಸಿದರು. 1978ರಲ್ಲಿ ಬಂದ ಉತ್ತರ: ಹೇಳಿದಷ್ಟು ಸಲ, ಹೇಳಿದಷ್ಟು ತೀವ್ರವಾಗಿ ಆದದ್ದು 11 ಮಕ್ಕಳಿಗೆ ಮಾತ್ರ.

ಇದರರ್ಥ ಅಮ್ಮಂದಿರು ಸುಳ್ಳು ಹೇಳಿದರು ಎಂದಲ್ಲ. ಎರಡು ಸಂಗತಿ ಇಲ್ಲಿ ಬೆರೆತಿವೆ. ರಾತ್ರಿಯಿಡೀ ಕೂತು ಜ್ವರಕ್ಕೆ ಒದ್ದೆಬಟ್ಟೆ ಹಾಕಿದವರ ನೆನಪಿನಲ್ಲಿ ಒಂದು ಸಲ ಆದದ್ದು ಎರಡು ಸಲದಷ್ಟು ಭಾರವಾಗಿ ಉಳಿಯುತ್ತದೆ, ಸಾಧಾರಣ ಶೀತದ ಕೆಮ್ಮು, ಕೆರೆತ ಕೂಡ ಆ ಲೆಕ್ಕಕ್ಕೆ ಸೇರಿಬಿಡುತ್ತದೆ. ಇನ್ನೊಂದು, ಯಾವ ತೊಂದರೆಯೂ ಏರಿಳಿಯುತ್ತದೆ, ನಾವು ಡಾಕ್ಟರ ಹತ್ತಿರ ಓಡುವುದು ಅದು ತೀರಾ ಏರಿದಾಗ. ಏರಿದ್ದು ಹೇಗಿದ್ದರೂ ಇಳಿಯುವ ಹೊತ್ತಿಗೆ ಏನು ಮಾಡಿದ್ದೇವೋ ಅದಕ್ಕೇ ಕೀರ್ತಿ ಹೋಗುತ್ತದೆ, ಅದು ಕಷಾಯವಿರಲಿ, ಆಪರೇಷನ್ ಇರಲಿ.

ಇದನ್ನು ಬಿಡಿಸಲು ಇರುವ ದಾರಿ ಒಂದೇ. ಒಂದೇ ಬಗೆಯ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಆಪರೇಷನ್ ಮಾಡಿ, ಇನ್ನೊಂದನ್ನು ಔಷಧಿಯ ಮೇಲೆ ನೋಡಿಕೊಳ್ಳುವುದು. ಪ್ಯಾರಡೈಸ್ ತಂಡ ಅದನ್ನೇ ಮಾಡಿ 1984ರಲ್ಲಿ ಪ್ರಕಟಿಸಿತು. ಒಟ್ಟು 187 ಮಕ್ಕಳು, 91 ಮಂದಿ ಚೀಟಿಯ ಮೂಲಕ, ಉಳಿದ 96 ಮಂದಿ ತಾಯಿತಂದೆಯರ ಆಯ್ಕೆಯಂತೆ. ಸೇರಿಸಿಕೊಳ್ಳುವ ನಿಯಮ ಮಾತ್ರ ಬಿಗಿಯಾಗಿತ್ತು. ಒಂದೇ ವರ್ಷದಲ್ಲಿ 7 ಸಲ, ಅಥವಾ ಎರಡು ವರ್ಷ ಸತತವಾಗಿ ವರ್ಷಕ್ಕೆ 5 ಸಲ, ಅಥವಾ ಮೂರು ವರ್ಷ ಸತತವಾಗಿ ವರ್ಷಕ್ಕೆ 3 ಸಲ ಗಂಟಲು ಸೋಂಕು ಆಗಿರಬೇಕು. ಪ್ರತಿ ಸಲವೂ ಗಂಟಲು ನೋವಿನ ಜೊತೆ ಇವುಗಳಲ್ಲಿ ಒಂದಾದರೂ ಕಂಡಿರಬೇಕು: 38.3 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಕುತ್ತಿಗೆಯಲ್ಲಿ ಊದಿ ನೋಯುವ ಗಂಟು, ಟಾನ್ಸಿಲ್ ಮೇಲೆ ಬಿಳಿ ಕೀವು, ಇಲ್ಲವೇ ಪರೀಕ್ಷೆಯಲ್ಲಿ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾ. ಅದೂ ಆಯಾ ಹೊತ್ತಿಗೇ ವೈದ್ಯರು ಬರೆದಿಟ್ಟಿರಬೇಕು. ಇವತ್ತು ಕಿವಿ-ಮೂಗು-ಗಂಟಲು ವೈದ್ಯರು '7, 5, 3' ಎನ್ನುವುದು ಇದನ್ನೇ.

ಫಲಿತಾಂಶ? ಮೊದಲ ಎರಡು ವರ್ಷ ಆಪರೇಷನ್ ಆದ ಮಕ್ಕಳಿಗೆ ಸೋಂಕು ಸ್ಪಷ್ಟವಾಗಿ ಕಡಿಮೆಯಾಯಿತು, ಮೂರನೆಯ ವರ್ಷಕ್ಕೆ ಅಂತರ ಮಸುಕಾಯಿತು. ಆದರೆ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ಗುಂಪಿನ ಕಥೆ. ಅಷ್ಟು ಬಿಗಿ ನಿಯಮ ದಾಟಿ ಬಂದ, ಅಂದರೆ ನಿಜಕ್ಕೂ ನರಳಿದ ಮಕ್ಕಳಲ್ಲೂ, ಕತ್ತರಿ ತಾಗದವರಲ್ಲಿ ಬಹಳಷ್ಟು ಮಂದಿಗೆ ವರ್ಷಕ್ಕೆ ಮೂರಕ್ಕಿಂತ ಕಡಿಮೆ ಸಲ ಸೋಂಕಾಯಿತು, ಆದದ್ದೂ ಹೆಚ್ಚಾಗಿ ಸೌಮ್ಯ. ಎರಡನೆಯ ವೈದ್ಯರು 'ದೊಡ್ಡವನಾಗುತ್ತಾ ಸರಿಹೋಗುತ್ತದೆ' ಎಂದದ್ದು ಬರೀ ಸಮಾಧಾನದ ಮಾತಲ್ಲ.

ನಿಯಮ ಸ್ವಲ್ಪ ಸಡಿಲಿಸಿ, ಅಷ್ಟೇನೂ ತೀವ್ರವಲ್ಲದ ಮಕ್ಕಳಿಗೆ ಆಪರೇಷನ್ ಮಾಡಿದರೆ? ಅದೇ ತಂಡ 328 ಮಕ್ಕಳಲ್ಲಿ ನೋಡಿ 2002ರಲ್ಲಿ ಬರೆಯಿತು: ಲಾಭ ಇದೆ, ಆದರೆ ಆಪರೇಷನ್ನಿನ ಅಪಾಯ, ನೋವುಗಳ ಮುಂದೆ ಸಾಲದು. ಹಲವು ಪ್ರಯೋಗಗಳ ಫಲಿತಾಂಶವನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2014ರ ವಿಮರ್ಶೆ ಮಕ್ಕಳ ಐದು ಪ್ರಯೋಗಗಳನ್ನು ಒಟ್ಟುಗೂಡಿಸಿತು. ಮೊದಲ ವರ್ಷದಲ್ಲಿ ಆಪರೇಷನ್ ಆಗದ ಮಕ್ಕಳಿಗೆ ಸರಾಸರಿ 3.6 ಸಲ ಗಂಟಲು ನೋವು, ಆದವರಿಗೆ 3 ಸಲ, ಆ ಮೂರರಲ್ಲಿ ಒಂದು ಆಪರೇಷನ್ನಿನದೇ ನೋವು. ದೊಡ್ಡವರ ಲೆಕ್ಕ ಬೇರೆ. ಬ್ರಿಟನ್ನಿನಲ್ಲಿ ಹದಿನಾರು ದಾಟಿದ 453 ಮಂದಿಯ ಮೇಲೆ ನಡೆದು 2023ರಲ್ಲಿ ಪ್ರಕಟವಾದ ನ್ಯಾಟೀನಾ ಪ್ರಯೋಗದಲ್ಲಿ, ಎರಡು ವರ್ಷದಲ್ಲಿ ಗಂಟಲು ನೋವಿನ ದಿನಗಳು ಆಪರೇಷನ್ ಆದವರಿಗೆ 23, ಕಾದವರಿಗೆ 30. ಆಪರೇಷನ್ ನಂತರದ ನೋವಿನ ದಿನಗಳನ್ನೂ ಸೇರಿಸಿಕೊಂಡ ಮೇಲೂ ಉಳಿದ ಲಾಭ ಇದು. ಹರೆಯ ದಾಟಿಯೂ ಬಿಡದ ಸೋಂಕಿಗೆ 'ಇನ್ನೂ ಕಾಯಿರಿ' ಎನ್ನುವಾಗ ವೈದ್ಯರು ಈಗ ಎರಡು ಸಲ ಯೋಚಿಸುತ್ತಾರೆ.

ಈಗ ನಿಮ್ಮನ್ನು ಒಂದು ಬೇರೆಯೇ ಪ್ರಶ್ನೆ ಕೇಳಬೇಕು. ಮಗ ರಾತ್ರಿ ಹೇಗೆ ಮಲಗುತ್ತಾನೆ? ಅವನು ಗಾಢ ನಿದ್ದೆಗೆ ಹೋದ ಮೇಲೆ ಹತ್ತು ನಿಮಿಷ ಪಕ್ಕದಲ್ಲಿ ಕೂತು ನೋಡಿ. ಬಾಯಿ ತೆರೆದು ಗೊರಕೆ ಹೊಡೆಯುತ್ತಾನೆಯೇ? ಕುತ್ತಿಗೆ ಹಿಂದಕ್ಕೆ ಚಾಚಿ ಮಲಗುತ್ತಾನೆಯೇ? ಎದೆ ಏಳುತ್ತಿದ್ದರೂ ಉಸಿರಿನ ಸದ್ದು ಕೆಲವು ಕ್ಷಣ ಪೂರ್ತಿ ನಿಂತು, ಆಮೇಲೆ ಗೊರ್ ಎಂದು ಎಳೆದುಕೊಂಡು ಮಗ್ಗುಲು ಬದಲಿಸುತ್ತಾನೆಯೇ? ಹಾಗಿದ್ದರೆ ಮೊಬೈಲಿನಲ್ಲಿ ಒಂದು ವಿಡಿಯೊ ಮಾಡಿ ವೈದ್ಯರಿಗೆ ತೋರಿಸಿ. ಇಲ್ಲಿ ಸೋಂಕಿನ ಎಣಿಕೆ ಮುಖ್ಯವಲ್ಲ. ಟಾನ್ಸಿಲ್, ಅದರ ಮೇಲೆ ಮೂಗಿನ ಹಿಂದಿರುವ ಅಡಿನಾಯ್ಡ್ ಸೇರಿ ಉಸಿರಿನ ದಾರಿ ಮುಚ್ಚುತ್ತಿರುತ್ತವೆ. 2013ರಲ್ಲಿ ಪ್ರಕಟವಾದ ಚಾಟ್ ಪ್ರಯೋಗ ನಿದ್ದೆಯಲ್ಲಿ ಉಸಿರು ಕಟ್ಟುವ, ಐದರಿಂದ ಒಂಬತ್ತು ವರ್ಷದ 464 ಮಕ್ಕಳನ್ನು ನೋಡಿತು. ಏಳು ತಿಂಗಳ ನಂತರ ನಿದ್ದೆಯ ಪರೀಕ್ಷೆ ಸಹಜಕ್ಕೆ ಬಂದದ್ದು ಆಪರೇಷನ್ ಆದವರಲ್ಲಿ ನೂರಕ್ಕೆ 79, ಕಾದವರಲ್ಲಿ 46. ನಡವಳಿಕೆ, ದಿನದ ಲವಲವಿಕೆ ಕೂಡ ಆಪರೇಷನ್ ಆದವರಲ್ಲಿ ಹೆಚ್ಚು ಸುಧಾರಿಸಿತು. ಗಮನ, ಏಕಾಗ್ರತೆಯ ಪರೀಕ್ಷೆಯ ಅಂಕದಲ್ಲಿ ಮಾತ್ರ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. 'ಆಪರೇಷನ್ ಮಾಡಿಸಿದರೆ ಓದಿನಲ್ಲಿ ಮುಂದೆ ಬರುತ್ತಾನೆ' ಎಂದು ಯಾರಾದರೂ ಹೇಳಿದರೆ ಇದನ್ನು ನೆನಪಿಡಿ.

ಟಾನ್ಸಿಲ್ ತೆಗೆದರೆ ರೋಗನಿರೋಧಕ ಶಕ್ತಿ ಹೋಗುವುದಿಲ್ಲವೇ ಎಂಬುದು ನೀವು ಕೇಳದಿದ್ದರೂ ಮನಸ್ಸಿನಲ್ಲಿರುವ ಪ್ರಶ್ನೆ. ಆ ಕೆಲಸ ಮಾಡುವ ಅಂಗಾಂಶ ನಾಲಗೆಯ ಬುಡದಲ್ಲಿ, ಮೂಗಿನ ಹಿಂದೆ, ಕರುಳಿನಲ್ಲಿ ಬೇಕಾದಷ್ಟಿದೆ. ಡೆನ್ಮಾರ್ಕಿನ ಸುಮಾರು 12 ಲಕ್ಷ ಮಕ್ಕಳ ದಾಖಲೆ ನೋಡಿದ 2018ರ ಅಧ್ಯಯನವೊಂದು, ಒಂಬತ್ತು ವರ್ಷದೊಳಗೆ ಟಾನ್ಸಿಲ್ ತೆಗೆಸಿಕೊಂಡವರಲ್ಲಿ ಮುಂದೆ ಮೂಗು-ಗಂಟಲಿನ ಕಾಯಿಲೆ ಹೆಚ್ಚು ಎಂದಿತು, ಅದು ದೊಡ್ಡ ಸುದ್ದಿಯೂ ಆಯಿತು. ಆದರೆ ಅಲ್ಲಿ ಚೀಟಿ ಎತ್ತಿರಲಿಲ್ಲ. ಟಾನ್ಸಿಲ್ ತೆಗೆಸಿಕೊಂಡವರು ಮೊದಲೇ ಹೆಚ್ಚು ಕಾಯಿಲೆ ಬೀಳುತ್ತಿದ್ದ ಮಕ್ಕಳಾಗಿರಬಹುದು. ಆ ಅಧ್ಯಯನವನ್ನು ನಾನು ಹೆದರಿಕೆಗೆ ಕಾರಣ ಎಂದು ಓದುವುದಿಲ್ಲ, ಸುಮ್ಮಸುಮ್ಮನೆ ಕತ್ತರಿ ಎತ್ತಬಾರದು ಎಂಬುದಕ್ಕೆ ಇನ್ನೊಂದು ಕಾರಣ ಎಂದು ಓದುತ್ತೇನೆ.

ಹಾಗಾದರೆ ನೀವು ಈಗ ಮಾಡಬೇಕಾದದ್ದು: ಗೋಡೆಯ ಕ್ಯಾಲೆಂಡರಿನಲ್ಲೇ ಬರೆಯಲು ಶುರುಮಾಡಿ. ನೋವು ಶುರುವಾದ ದಿನ, ಥರ್ಮಾಮೀಟರ್ ತೋರಿಸಿದ ಅಂಕಿ, ಕೆಮ್ಮು-ನೆಗಡಿ ಇತ್ತೇ, ಬಿಳಿ ಕೀವು ಕಂಡಿತೇ, ಎಷ್ಟು ದಿನ ಶಾಲೆ ತಪ್ಪಿತು, ಯಾವ ಔಷಧಿ ಕೊಟ್ಟರು. ವೈದ್ಯರು ಔಷಧಿ ಬರೆದುಕೊಟ್ಟ ಹಳೆಯ ಚೀಟಿಗಳನ್ನೂ ಹುಡುಕಿ ತಾರೀಖು ತುಂಬಿಸಿ. ಕೆಮ್ಮು, ಮೂಗು ಸೋರುವುದು ಜೊತೆಗಿದ್ದರೆ ಅದು ಹೆಚ್ಚಾಗಿ ವೈರಸ್, ಆಂಟಿಬಯಾಟಿಕ್‌ನಿಂದ ಏನೂ ಆಗುವುದಿಲ್ಲ. ಸ್ಟ್ರೆಪ್ಟೋಕಾಕಸ್ ಎಂದು ಖಚಿತವಾದರೆ ಮಾತ್ರ ಹೇಳಿದಷ್ಟು ದಿನದ ಕೋರ್ಸ್ ಪೂರ್ತಿ ಮುಗಿಸಿ, ಅರ್ಧಕ್ಕೆ ಬಿಟ್ಟ ಗಂಟಲು ಸೋಂಕು ಮುಂದೆ ಹೃದಯದ ಕವಾಟಕ್ಕೆ ಪೆಟ್ಟು ಕೊಡುವ ರುಮ್ಯಾಟಿಕ್ ಜ್ವರಕ್ಕೆ ದಾರಿಯಾಗಬಹುದು. ಲೆಕ್ಕ 7, 5, 3ಕ್ಕೆ ಮುಟ್ಟಿದರೆ ಮೊದಲ ವೈದ್ಯರ ಮಾತಿಗೆ ಬಲವಿದೆ. ಮುಟ್ಟದಿದ್ದರೆ ಒಂದು ವರ್ಷ ಕಾಯುವುದರಲ್ಲಿ ತಪ್ಪಿಲ್ಲ. ಟಾನ್ಸಿಲ್ ಪಕ್ಕದಲ್ಲಿ ಕೀವು ತುಂಬುತ್ತಿದ್ದರೆ ಅಥವಾ ಹಲವು ಆಂಟಿಬಯಾಟಿಕ್‌ಗಳಿಗೆ ಅಲರ್ಜಿ ಇದ್ದರೆ ಈ ಎಣಿಕೆಗೆ ಮುಂಚೆಯೇ ಯೋಚಿಸಬೇಕಾಗಬಹುದು. ಬಾಯಿ ತೆರೆಯಲಾಗದೆ ಜೊಲ್ಲು ಸುರಿಸುತ್ತಿದ್ದರೆ, ಉಸಿರಾಟಕ್ಕೇ ಕಷ್ಟವಾದರೆ ಎಣಿಸುತ್ತಾ ಕೂರಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ.

ಆಪರೇಷನ್ ಎಂದೇ ತೀರ್ಮಾನವಾದರೆ ಎರಡು ವಿಷಯ ಮೊದಲೇ ತಿಳಿದಿರಲಿ, ಯಾಕೆಂದರೆ ಮನೆಯವರು ಗಾಬರಿಯಾಗುವುದು ಇಲ್ಲೇ. ಮೂರನೆಯ, ನಾಲ್ಕನೆಯ ದಿನ ಗಂಟಲಿನೊಳಗೆ ನೋಡಿದರೆ ಎರಡೂ ಪಕ್ಕ ಬಿಳಿ-ಹಳದಿ ಪೊರೆ ಕಾಣುತ್ತದೆ. ಅದು ಕೀವಲ್ಲ, ಗಾಯ ಮಾಯುವ ಬಗೆ. ಜೊತೆಗೆ ಕಿವಿ ನೋಯುತ್ತದೆ ಎಂದು ಮಗು ಅಳಬಹುದು, ಗಂಟಲಿಗೂ ಕಿವಿಗೂ ಒಂದೇ ನರದ ನಂಟಿರುವುದರಿಂದ ಹೀಗಾಗುತ್ತದೆ. ನೋವಿಗೆ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಬಳಸುತ್ತಾರೆ, ವೈದ್ಯರು ತೂಕ ನೋಡಿ ಹೇಳಿದಷ್ಟೇ ಕೊಡಿ. ಕೋಡೀನ್ ಮಾತ್ರ ಬೇಡ. ಕೆಲವು ಮಕ್ಕಳ ದೇಹ ಅದನ್ನು ಅತಿ ವೇಗವಾಗಿ ಮಾರ್ಫಿನ್ ಮಾಡಿಬಿಡುತ್ತದೆ, ಉಸಿರು ನಿಂತು ಮಕ್ಕಳು ಸತ್ತ ಪ್ರಕರಣಗಳಾದ ಮೇಲೆ 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಟಾನ್ಸಿಲ್ ಆಪರೇಷನ್ ಆದ ಮಕ್ಕಳಿಗೆ ಅದನ್ನು ಕೊಡಬಾರದೆಂದು ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿತು. ನೋವಾಗುತ್ತದೆಂದು ಮಗು ನೀರು ಬಿಟ್ಟರೆ ಗಂಟಲು ಒಣಗಿ ನೋವು ಇನ್ನೂ ಹೆಚ್ಚುತ್ತದೆ, ಹಾಗಾಗಿ ಗುಟುಕು ಗುಟುಕಾಗಿ ಕುಡಿಸುತ್ತಲೇ ಇರಿ.

ರಕ್ತಸ್ರಾವದ ಭಯ ಮೊದಲ 24 ಗಂಟೆಗೇ ಮುಗಿಯುವುದಿಲ್ಲ. ಪೊರೆ ಕಳಚುವ ಐದರಿಂದ ಹತ್ತನೆಯ ದಿನದ ನಡುವೆ ಮತ್ತೆ ಬರಬಹುದು. ಮಗು ಚೇತರಿಸಿಕೊಂಡು ಆಡುತ್ತಿರುವ ಹೊತ್ತಿಗೇ ಉಗುಳಿನಲ್ಲಿ ಕೆಂಪು ರಕ್ತ ಕಂಡರೆ, ಅಥವಾ ನಿದ್ದೆಯಲ್ಲಿ ಮತ್ತೆ ಮತ್ತೆ ಏನನ್ನೋ ನುಂಗುತ್ತಿರುವಂತೆ ಕಂಡರೆ, ಮಧ್ಯರಾತ್ರಿಯಾಗಿದ್ದರೂ ಹೊರಡಿ.