ಪದ ಪರಿಚಯ: ಚಾಸಿ ನಂಬರ್

ಹಳೆಯ ಗಾಡಿಯ ಕಾಗದಪತ್ರಗಳಿಗಾಗಿ ಆರ್‌ಟಿಒ ಕಚೇರಿಗೆ ಅಲೆದವರಿಗೆ ಈ ಕೆಲಸದ ಪರಿಚಯವಿರುತ್ತದೆ. ಬಾನೆಟ್ ಎತ್ತಿ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಲೋಹದ ಮೇಲಿನ ಜಿಡ್ಡನ್ನೂ ಕೆಂಪು ಧೂಳನ್ನೂ ಒರೆಸಿ, ತೆಳುವಾದ ಕಾಗದವನ್ನು ಒತ್ತಿ ಹಿಡಿದು, ಅದರ ಮೇಲೆ ಪೆನ್ಸಿಲನ್ನು ಓರೆಯಾಗಿ ಆಡಿಸಿದರೆ, ಕಪ್ಪು ಪಟ್ಟಿಯ ನಡುವೆ ಅಕ್ಷರಗಳೂ ಅಂಕಿಗಳೂ ಬೆಳ್ಳಗೆ ಮೂಡುತ್ತವೆ. ಅದೇ ಚಾಸಿ ನಂಬರಿನ ಅಚ್ಚು. ವಾಹನ ನೋಂದಣಿಯ ಅರ್ಜಿಯಾದ ನಮೂನೆ 20ರಲ್ಲಿ ಈ ಪೆನ್ಸಿಲ್ ಅಚ್ಚಿಗೆಂದೇ ಜಾಗವಿದೆ.

ಚಾಸಿ ಎಂಬುದು ಫ್ರೆಂಚ್ ಭಾಷೆಯಿಂದ ಇಂಗ್ಲಿಷಿನ ಮೂಲಕ ನಮ್ಮ ಗ್ಯಾರೇಜುಗಳಿಗೆ ಬಂದ ಪದ. ಅದರ ಅರ್ಥ ಚೌಕಟ್ಟು. ಎಂಜಿನ್, ಗಾಲಿಗಳ ಆಕ್ಸಲ್, ಸ್ಟೇರಿಂಗ್ ಎಲ್ಲವೂ ಕೂಡುವ ಉಕ್ಕಿನ ಅಸ್ಥಿಪಂಜರ ಅದು. ಇಂದಿನ ಬಹುತೇಕ ಕಾರುಗಳಲ್ಲಿ ಬೇರೆ ಚೌಕಟ್ಟೇ ಇಲ್ಲ, ಬಾಡಿಯೇ ಚೌಕಟ್ಟಾಗಿರುತ್ತದೆ. ಆದರೂ ಹೆಸರು ಉಳಿದುಕೊಂಡಿದೆ. ನಂಬರ್ ಪ್ಲೇಟಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಕೆಎ 22 ಎಂದರೆ ಬೆಳಗಾವಿ, ಕೆಎ 28 ವಿಜಯಪುರ, ಕೆಎ 29 ಬಾಗಲಕೋಟೆ. ಗಾಡಿ ಕೊಲ್ಹಾಪುರದವರಿಗೆ ಮಾರಾಟವಾಗಿ ಅಲ್ಲಿ ಮರುನೋಂದಣಿಯಾದರೆ ಪ್ಲೇಟು ಬದಲಾಗುತ್ತದೆ, ಚಾಸಿ ನಂಬರ್ ಬದಲಾಗುವುದಿಲ್ಲ. ಹದಿನೇಳು ಸ್ಥಾನಗಳ ಈ ಗುರುತಿನಲ್ಲಿ ಐ, ಒ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳನ್ನು ಬಳಸುವುದಿಲ್ಲ, ಏಕೆಂದರೆ ಅವು ಒಂದು ಮತ್ತು ಸೊನ್ನೆಯಂತೆ ಕಂಡು ಗೊಂದಲವಾಗುತ್ತದೆ. ಮೊದಲ ಮೂರು ಸ್ಥಾನಗಳು ತಯಾರಕರನ್ನು ಹೇಳುತ್ತವೆ: ಎಂಎ3 ಎಂದಿದ್ದರೆ ಮಾರುತಿ, ಎಂಎಟಿ ಎಂದಿದ್ದರೆ ಟಾಟಾ.

ಈ ಪದವನ್ನೇ ಇಂದು ಆಯ್ದುಕೊಳ್ಳಲು ಒಂದು ಪ್ರಶ್ನೆ ಕಾರಣ. ಬೆಳಗಾವಿಯ ಉದ್ಯಮಬಾಗ ಮತ್ತು ಮಚ್ಛೆಯ ಕಡೆ ಫೌಂಡ್ರಿ, ಲೇಥ್, ವೆಲ್ಡಿಂಗ್ ಯಾವುದಕ್ಕೂ ಕೊರತೆಯಿಲ್ಲ. ಪೈಪು ಬಗ್ಗಿಸಿ, ಹಳೆಯ ಮಾರುತಿಯ ಎಂಜಿನ್ ಕೂಡಿಸಿ, ಎರಡು ಸೀಟಿನ ಕಾರನ್ನು ಕಟ್ಟಬಲ್ಲ ಹುಡುಗರು ಇಲ್ಲಿ ನಿಜವಾಗಿಯೂ ಇದ್ದಾರೆ. ಅಂಥವರಲ್ಲೊಬ್ಬ ನನ್ನನ್ನು ಕೇಳಿದ: “ಸರ, ನಂಬರ ನಾವಽ ಪಂಚ್ ಮಾಡಿದ್ರ ನಡಿಯೂದಿಲ್ಲೇನ್ರಿ?” ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಉಕ್ಕಿನ ಮೇಲೆ ಹದಿನೇಳು ಗುರುತುಗಳನ್ನು ಒತ್ತಲು ಬೇಕಾದದ್ದು ಒಂದು ಪಂಚ್ ಸೆಟ್ಟು, ಒಂದು ಸುತ್ತಿಗೆ, ಅರ್ಧ ಗಂಟೆ. ಹಾಗಿದ್ದ ಮೇಲೆ ಕಾರ್ಖಾನೆ ಒತ್ತಿದ ಗುರುತು ಸಲ್ಲುತ್ತದೆ, ಹುಡುಗ ಒತ್ತಿದ್ದು ಸಲ್ಲುವುದಿಲ್ಲ ಎಂದರೆ ವ್ಯತ್ಯಾಸ ಎಲ್ಲಿದೆ?

ವ್ಯತ್ಯಾಸವಿರುವುದು ನಂಬರಿನ ಹಿಂದೆ ನಿಂತಿರುವ ಹೊಣೆಯಲ್ಲಿ. ಮೋಟಾರು ವಾಹನ ಕಾಯ್ದೆ 1988ರ 39ನೇ ಕಲಮಿನ ಪ್ರಕಾರ ನೋಂದಣಿಯಿಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವಂತಿಲ್ಲ. ನೋಂದಣಿಗೆ ಬೇಕಾದ ದಾಖಲೆಗಳನ್ನು ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 47ನೇ ನಿಯಮ ಹೇಳುತ್ತದೆ. ಅವುಗಳಲ್ಲಿ ನಮೂನೆ 21 ಮಾರಾಟದ ಪ್ರಮಾಣಪತ್ರ, ನಮೂನೆ 22 ವಾಹನವು ರಸ್ತೆಗೆ ಯೋಗ್ಯವಾಗಿದೆಯೆಂದು ತಯಾರಕರೇ ಬರೆದುಕೊಡುವ ಪ್ರಮಾಣಪತ್ರ. ಚಾಸಿ ನಂಬರ್ ಈ ನಮೂನೆಗಳಲ್ಲೂ ಇರುತ್ತದೆ. ಆ ಪ್ರಮಾಣಪತ್ರವನ್ನು ಕೊಡುವ ಅಧಿಕಾರವೂ ತಯಾರಕರಿಗೆ ತಾನಾಗಿ ಬರುವುದಿಲ್ಲ. 126ನೇ ನಿಯಮದಂತೆ ಅವರು ತಮ್ಮ ಮಾದರಿ ವಾಹನವನ್ನು ಪುಣೆಯ ಎಆರ್‌ಎಐಯಂಥ ಗೊತ್ತುಪಡಿಸಿದ ಸಂಸ್ಥೆಯ ಪರೀಕ್ಷೆಗೆ ಒಪ್ಪಿಸಿ, ಬ್ರೇಕು, ದೀಪ, ಹೊಗೆ, ಸೀಟ್‌ಬೆಲ್ಟಿನ ಕೊಕ್ಕೆ ಎಲ್ಲವೂ ನಿಯಮದಂತಿವೆಯೆಂಬ ಅನುಮೋದನೆಯನ್ನು ಪಡೆದಿರಬೇಕು. ಅಂದರೆ ಲೋಹದ ಮೇಲಿನ ಆ ಹದಿನೇಳು ಗುರುತುಗಳು ಒಂದು ಸರಪಳಿಯ ಕೊನೆಯ ಕೊಂಡಿ ಮಾತ್ರ. ಬ್ರೇಕು ಹಿಡಿಯದೆ ಯಾರದೋ ಮಗು ಗಾಡಿಯ ಕೆಳಗೆ ಸಿಕ್ಕರೆ, ಆ ಸರಪಳಿಯನ್ನು ಹಿಡಿದು ಹಿಂದಕ್ಕೆ ಹೋದಾಗ ಉತ್ತರ ಹೇಳಬೇಕಾದವರು ಸಿಗುತ್ತಾರೆ. ಹುಡುಗ ತಾನೇ ಒತ್ತಿಕೊಂಡ ನಂಬರಿಗೆ ಹಿಂದಿನ ಕೊಂಡಿಗಳೇ ಇರುವುದಿಲ್ಲ.

ಈ ಪರೀಕ್ಷೆಗಳು ಸಾವಿರಾರು ಸಂಖ್ಯೆಯಲ್ಲಿ ತಯಾರಾಗುವ ಮಾದರಿಗಳನ್ನು ಕಣ್ಣಮುಂದಿಟ್ಟುಕೊಂಡು ರೂಪುಗೊಂಡವು. ಡಿಕ್ಕಿ ಪರೀಕ್ಷೆಗೆ ಒಂದು ಗಾಡಿಯನ್ನು ಗೋಡೆಗೆ ಗುದ್ದಿಸಬೇಕಾಗುತ್ತದೆ. ಇರುವುದೇ ಒಂದಾದರೆ ಗುದ್ದಿಸುವುದು ಯಾವುದನ್ನು? ಮನೆಯಲ್ಲಿ ಕಟ್ಟಿದ ಒಂಟಿ ಕಾರಿಗೆ ಹೊಂದುವಂಥ ಹಾದಿ ನಮ್ಮ ನಿಯಮಗಳಲ್ಲಿಲ್ಲ, ಮತ್ತು ಅದು ಇರಬೇಕಿತ್ತೆಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮ ಪಕ್ಕದ ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆಯ ಕುಶಲಕರ್ಮಿಯೊಬ್ಬರು ಹಳೆಯ ಬಿಡಿಭಾಗಗಳಿಂದ ಕಟ್ಟಿದ, ಬೈಕಿನಂತೆ ಕಿಕ್ ಹೊಡೆದು ಚಾಲೂ ಮಾಡುವ ಪುಟ್ಟ ಜೀಪು 2021ರ ಕೊನೆಯಲ್ಲಿ ದೇಶದ ಗಮನ ಸೆಳೆಯಿತು. ಅದು ನಿಯಮಗಳಿಗೆ ಹೊಂದದ ಕಾರಣ ಅಧಿಕಾರಿಗಳು ಇಂದಲ್ಲ ನಾಳೆ ತಡೆಯುತ್ತಾರೆಂದು ಬರೆದ ಉದ್ಯಮಿ ಆನಂದ್ ಮಹೀಂದ್ರಾ, ಅದಕ್ಕೆ ಬದಲಾಗಿ ಹೊಸ ಬೊಲೆರೊ ಕೊಡಲು ಮುಂದಾದರು. 2022ರ ಜನವರಿಯಲ್ಲಿ ಆ ಕುಟುಂಬ ಬೊಲೆರೊ ಮನೆಗೆ ತಂದಿತು. ಉದಾರವಾದ ಕೊಡುಗೆ ಅದು, ನಿಜ. ಆದರೆ ರಸ್ತೆಯ ಹಕ್ಕು ಸಿಕ್ಕಿದ್ದು ಬೊಲೆರೊಗೆ, ಆ ಕೈಗಳು ಕಟ್ಟಿದ ಜೀಪಿಗಲ್ಲ.

ಬ್ರಿಟನ್ನಿನಲ್ಲಿ ಬೇರೆಯ ವ್ಯವಸ್ಥೆ ಬೆಳೆದುಬಂದಿದೆ. ಅಲ್ಲಿ 1957ರಲ್ಲಿ ಬಂದ ಲೋಟಸ್ ಸೆವೆನ್‌ನಂಥ ಕಾರುಗಳನ್ನು ಬಿಡಿಭಾಗಗಳ ಗಂಟಾಗಿ, ಅಂದರೆ ಕಿಟ್ ಆಗಿ ಮಾರುತ್ತಿದ್ದರು. ಪೂರ್ತಿ ಕಾರಿನ ಮೇಲಿದ್ದ ಖರೀದಿ ತೆರಿಗೆ ಇದರಿಂದ ಉಳಿಯುತ್ತಿತ್ತು. ಇಂಥ ಕಾರನ್ನೇ ಕಿಟ್ ಕಾರ್ ಎನ್ನುತ್ತಾರೆ. ಈಗ ಅಲ್ಲಿ ಮನೆಯಲ್ಲಿ ಜೋಡಿಸಿದ ಕಾರು ಒಂಟಿ ವಾಹನಗಳಿಗೆಂದೇ ಇರುವ ಐವಿಎ ಪರೀಕ್ಷೆಗೆ ಒಳಗಾಗಿ, ಬಳಸಿದ ಭಾಗಗಳ ರಸೀದಿಗಳನ್ನು ಒದಗಿಸಿ, ನೋಂದಣಿ ಪಡೆಯಬಹುದು. ಗಾಡಿಯ ವಯಸ್ಸನ್ನಾಗಲಿ ಮೂಲವನ್ನಾಗಲಿ ಖಚಿತಪಡಿಸಲಾಗದಿದ್ದರೆ ಕ್ಯೂ ಅಕ್ಷರದಿಂದ ಆರಂಭವಾಗುವ ಪ್ಲೇಟನ್ನು ಕೊಡುತ್ತಾರೆ. ಚಾಸಿ ನಂಬರಿನಲ್ಲಿ ಗೊಂದಲವಾಗುತ್ತದೆಂದು ಹೊರಗಿಟ್ಟ ಅಕ್ಷರವೇ ಅಲ್ಲಿ ಗುರುತಿಲ್ಲದ ಗಾಡಿಗೆ ಗುರುತಾಗಿ ನಿಂತಿದೆ. ಮೂಲ ಗೊತ್ತಿಲ್ಲವೆಂಬುದನ್ನು ಮುಚ್ಚಿಡದೆ ಪ್ಲೇಟಿನ ಮೇಲೇ ಬರೆದು, ಸುರಕ್ಷತೆಯನ್ನು ಮಾತ್ರ ಬೇರೆಯಾಗಿ ಪರೀಕ್ಷಿಸುವ ಈ ಕ್ರಮ ನನಗೆ ಬಹಳ ಪ್ರಾಮಾಣಿಕವಾಗಿ ಕಾಣುತ್ತದೆ.

ನಮ್ಮಲ್ಲಿ ಒಂಟಿ ಗಾಡಿಗೆ ಹಾದಿಯಿಲ್ಲದ ಕಾರಣ ಕೆಲವರು ಅಡ್ಡದಾರಿ ಹುಡುಕುತ್ತಾರೆ: ಗುಜರಿಯಿಂದ ಆರ್‌ಸಿ ಇರುವ ಹಳೆಯ ಜೀಪನ್ನು ತಂದು, ಚಾಸಿ ನಂಬರಿರುವ ತುಂಡನ್ನು ಕತ್ತರಿಸಿ ಹೊಸ ಚೌಕಟ್ಟಿಗೆ ಬೆಸೆಯುವುದು. ಇದನ್ನು ಯಾರೂ ಮಾಡಬಾರದು. ಕದ್ದ ಗಾಡಿಗಳಿಗೆ ಮಾಡುವ ಕೆಲಸವೂ ಇದೇ ಆದುದರಿಂದ, ಆ ಬೆಸುಗೆಯನ್ನು ಕಂಡ ಇನ್‌ಸ್ಪೆಕ್ಟರರಿಗೆ ಒಬ್ಬನ ಹವ್ಯಾಸವನ್ನೂ ಇನ್ನೊಬ್ಬನ ಕಳ್ಳತನವನ್ನೂ ಬೇರ್ಪಡಿಸಲು ಆಧಾರವಿರುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗುವ ಮಾರ್ಪಾಡನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿಯಿಂದ ಹೊಸ ರೂಪ ಪಡೆದ 182ಎ ಕಲಮಿನಡಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡೂ ಆಗಬಹುದು.

ಆ ಹುಡುಗನಿಗೆ ನಾನು ಎರಡು ಮಾತು ಹೇಳಿದೆ. ಸ್ವಂತ ಚೌಕಟ್ಟೇ ಬೇಕೆಂದರೆ ಅದನ್ನು ಎಂಜಿನಿಯರಿಂಗ್ ಕಾಲೇಜುಗಳ ತಂಡಗಳು ಬಾಹಾ ಸ್ಪರ್ಧೆಗೆ ಕಟ್ಟುವ ಗಾಡಿಗಳಂತೆ ಮುಚ್ಚಿದ ಟ್ರ್ಯಾಕಿಗೆ ಮೀಸಲಾಗಿ ಕಟ್ಟು, ಅಲ್ಲಿಗೆ ಲಾರಿಯ ಮೇಲೆ ಹೇರಿಕೊಂಡು ಹೋಗು. ರಸ್ತೆಯೇ ಬೇಕೆಂದರೆ ಹಳೆಯ ಜೀಪೊಂದನ್ನು ಅದರ ಮೂಲ ಚಾಸಿಯ ಮೇಲೇ ಮತ್ತೆ ಎಬ್ಬಿಸು. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಯೂ ತಪಾಸಣೆಯಲ್ಲಿ ತೇರ್ಗಡೆಯಾದರೆ ಐದು ವರ್ಷಕ್ಕೆ ನೋಂದಣಿ ನವೀಕರಣವಾಗುತ್ತದೆ. ಆದರೆ ಮುಂಗಡ ಕೊಡುವ ಮೊದಲು ಸೀಮೆಎಣ್ಣೆಯ ಬಟ್ಟೆ, ಕಾಗದ, ಪೆನ್ಸಿಲು ತೆಗೆದುಕೊಂಡು ಹೋಗಿ ಅಚ್ಚು ತೆಗೆದು, ಅದನ್ನು ಆರ್‌ಸಿಯ ಪಕ್ಕದಲ್ಲಿಟ್ಟು ಒಂದೊಂದೇ ಅಂಕಿಯನ್ನು ತಾಳೆ ನೋಡಬೇಕು, ನಂಬರಿನ ಸುತ್ತ ನಾಲ್ಕು ಬೆರಳಗಲ ಜಾಗದಲ್ಲಿ ಎಲ್ಲಿಯೂ ಬೆಸುಗೆಯ ಏರು ತಾಗುವುದಿಲ್ಲವೆಂಬುದನ್ನು ಕೈಯಾಡಿಸಿ ಖಚಿತಪಡಿಸಿಕೊಳ್ಳಬೇಕು.