ಮುಖ ಸರಿ ಬಂದರೆ ಆಕಾಶ ಬಿಳಿಚಿಕೊಳ್ಳುತ್ತದೆ, ಏನು ಮಾಡಲಿ?

ಪ್ರಶ್ನೆ: ಫೋಟೊ ತೆಗೆಯುವುದನ್ನು ಈಚೆಗಷ್ಟೇ ಕಲಿಯುತ್ತಿದ್ದೇನೆ. ಬಯಲಿನಲ್ಲಿ ಯಾರನ್ನಾದರೂ ನಿಲ್ಲಿಸಿ ತೆಗೆದರೆ, ಮುಖ ಸರಿಯಾಗಿ ಬಂದಾಗ ಆಕಾಶ ಖಾಲಿ ಹಾಳೆಯಂತಾಗುತ್ತದೆ. ಆಕಾಶ ಚೆನ್ನಾಗಿ ಬಂದಾಗ ಮುಖ ಕಪ್ಪಾಗುತ್ತದೆ. ನನ್ನ ಕಣ್ಣಿಗೆ ಎರಡೂ ಕಾಣುತ್ತಿರುತ್ತವೆ. ಆಮೇಲೆ ಎಡಿಟ್ ಮಾಡಿ ಸರಿಪಡಿಸಬಹುದೇ?

ಉತ್ತರ: ಕಪ್ಪಾದ ಮುಖವನ್ನು ಬಹುಮಟ್ಟಿಗೆ ಸರಿಪಡಿಸಬಹುದು. ಪೂರ್ತಿ ಬಿಳಿಯಾದ ಆಕಾಶವನ್ನು ಆಗದು.

ಕ್ಯಾಮೆರಾದ ಸೆನ್ಸರ್ ಎಂದರೆ ಸಾಲಾಗಿ ಜೋಡಿಸಿಟ್ಟ ಲಕ್ಷಾಂತರ ಪುಟ್ಟ ಬಟ್ಟಲುಗಳು ಎಂದುಕೊಳ್ಳಿ. ಬೆಳಕು ಅವುಗಳಲ್ಲಿ ತುಂಬಿಕೊಳ್ಳುತ್ತದೆ. ತುಂಬಿ ತುಳುಕಿದ ಬಟ್ಟಲುಗಳೆಲ್ಲ ನೋಡಲು ಒಂದೇ. ಮೋಡ ಯಾವುದು, ಅದರ ಪಕ್ಕದ ತಿಳಿ ಬಾನು ಯಾವುದು ಎಂಬ ಗುರುತೇ ಉಳಿದಿರುವುದಿಲ್ಲ. ಇಲ್ಲದ ಗುರುತನ್ನು ಯಾವ ತಂತ್ರಾಂಶವೂ ಮರಳಿ ತಾರದು. ಮಂದಬೆಳಕಿನ ಮುಖದ ಕಡೆ ಹಾಗಲ್ಲ. ಅಲ್ಲಿ ತಳದಲ್ಲಿ ಒಂದಿಷ್ಟು ಹನಿ ಇದ್ದೇ ಇರುತ್ತದೆ, ಅದನ್ನು ಹಿಗ್ಗಿಸಬಹುದು. ಹಿಗ್ಗಿಸಿದಷ್ಟೂ ಚಿತ್ರ ಮರಳು ಮರಳಾಗುತ್ತದೆ, ಅಷ್ಟೇ. ಕಣ್ಣಿಗೆ ಈ ತೊಡಕಿಲ್ಲ. ಅದು ಮುಖದಿಂದ ಮೋಡಕ್ಕೆ ಹಾರುವಾಗಲೇ ಹೊಂದಿಕೊಳ್ಳುತ್ತದೆ, ಮಿದುಳು ಎಲ್ಲವನ್ನೂ ಒಂದೇ ನೋಟವಾಗಿ ಹೆಣೆಯುತ್ತದೆ.

ಇದು ನಿಮ್ಮೊಬ್ಬರ ಕಷ್ಟವಲ್ಲ ಎಂದು ತಿಳಿದರೆ ಸ್ವಲ್ಪ ಹಗುರವಾದೀತು. 1850ರ ದಶಕದಲ್ಲಿ ಫ್ರಾನ್ಸ್‌ನ ಗುಸ್ತಾವ್ ಲೆ ಗ್ರೆ ಕಡಲಿನ ಚಿತ್ರಗಳನ್ನು ತೆಗೆಯುವಾಗ ಇದೇ ಸಿಕ್ಕಿನಲ್ಲಿದ್ದರು. ಆಗಿನ ಗಾಜಿನ ನೆಗೆಟಿವ್ ನೀಲಿ ಬೆಳಕಿಗೆ ವಿಪರೀತ ಸ್ಪಂದಿಸುತ್ತಿತ್ತು. ಅಲೆಗಳು ಮೂಡುವಷ್ಟರಲ್ಲಿ ಆಕಾಶ ಅಳಿಸಿಹೋಗುತ್ತಿತ್ತು. ಅವರು ಕಡಲಿಗೊಂದು, ಮೋಡಕ್ಕೊಂದು ನೆಗೆಟಿವ್ ತೆಗೆದು, ಎರಡನ್ನೂ ಒಂದೇ ಕಾಗದದ ಮೇಲೆ ಮುದ್ರಿಸಿದರು. ಇಂದು ಮೊಬೈಲಿನ ಎಚ್‌ಡಿಆರ್ ಕ್ಷಣಾರ್ಧದಲ್ಲಿ ಹಲವು ಚಿತ್ರ ತೆಗೆದು ಬೆಸೆಯುವುದರ ಹಿಂದಿನ ಯೋಚನೆಯೂ ಇದೇ.

ಹಾಗಾದರೆ ತೆಗೆಯುವಾಗ ಏನು ಮಾಡಬೇಕು? ಮೊದಲು ನಿಂತ ಜಾಗ ಬದಲಿಸಿ. ಸೂರ್ಯನಿಗೆ ಬೆನ್ನು ಹಾಕಿದವರನ್ನು ಸ್ವಲ್ಪ ತಿರುಗಿಸಿ ಮುಖಕ್ಕೆ ಬೆಳಕು ಬೀಳುವಂತೆ ಮಾಡಿದರೆ ಅರ್ಧ ಸಮಸ್ಯೆ ಅಲ್ಲೇ ಕರಗುತ್ತದೆ. ಗಂಟೆಗಟ್ಟಲೆ ಎಡಿಟ್ ಮಾಡುವುದಕ್ಕಿಂತ ಈ ನಾಲ್ಕು ಹೆಜ್ಜೆ ಎಷ್ಟೋ ಮೇಲು.

ಜಾಗ ಬದಲಿಸಲು ಆಗದಿದ್ದರೆ ಆಕಾಶವನ್ನು ಉಳಿಸಿಕೊಳ್ಳಿ, ಮುಖ ತುಸು ಮಂಕಾದರೂ ಚಿಂತೆಯಿಲ್ಲ. ಮೊಬೈಲಿನಲ್ಲಿ ಮೋಡದ ಮೇಲೆ ಬೆರಳಿಟ್ಟರೆ ಬೆಳಕು ಇಳಿಯುತ್ತದೆ. ಕ್ಯಾಮೆರಾದಲ್ಲಾದರೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಎಂಬ ಕೂಡು-ಕಳೆ ಗುರುತಿನ ಗುಂಡಿಯಿದೆ: −1ಕ್ಕೆ ಇಳಿಸಿದರೆ ಒಳಬರುವ ಬೆಳಕು ಅರ್ಧ, −2ಕ್ಕೆ ಕಾಲು ಭಾಗ. ಸರಿಯಾಯಿತೇ ಎಂದು ಪರದೆ ನೋಡಿ ತೀರ್ಮಾನಿಸಬೇಡಿ, ಬಿಸಿಲಿನಲ್ಲಿ ಪರದೆ ಮೋಸ ಮಾಡುತ್ತದೆ. ಹಿಸ್ಟೊಗ್ರಾಮ್ ನೋಡಿ: ಎಡತುದಿಯ ಕಪ್ಪಿನಿಂದ ಬಲತುದಿಯ ಬಿಳಿಯವರೆಗೆ ಚಿತ್ರದಲ್ಲಿ ಯಾವ ಮಟ್ಟದ ಬೆಳಕು ಎಷ್ಟಿದೆ ಎಂದು ತೋರಿಸುವ ನಕ್ಷೆ ಅದು. ಅದರ ಗುಡ್ಡ ಬಲಗೋಡೆಗೆ ಒತ್ತಿಕೊಂಡಿದ್ದರೆ ಬಟ್ಟಲುಗಳು ತುಳುಕಿವೆ ಎಂದರ್ಥ.

ಆಮೇಲೆ ಹಿಗ್ಗಿಸುವ ಯೋಚನೆಯಿದ್ದರೆ ರಾ ಕಡತದಲ್ಲಿ, ಅಂದರೆ ಸೆನ್ಸರ್ ಹಿಡಿದದ್ದನ್ನು ಬಹುಮಟ್ಟಿಗೆ ಹಾಗೆಯೇ ಇಟ್ಟುಕೊಳ್ಳುವ ಕಡತದಲ್ಲಿ ತೆಗೆಯಿರಿ. ಸಾಮಾನ್ಯ ಜೆಪೆಗ್ ಪ್ರತಿ ಬಣ್ಣಕ್ಕೂ ಕಪ್ಪಿನಿಂದ ಪೂರ್ತಿ ಬೆಳಕಿನವರೆಗೆ 256 ಮೆಟ್ಟಿಲುಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. 14 ಬಿಟ್‌ನ ರಾ ಕಡತದಲ್ಲಿ 16,384 ಇರುತ್ತವೆ. ನೆರಳನ್ನು ಎತ್ತಿದಾಗ ಈ ಅಂತರ ಕೆನ್ನೆಯ ಮೇಲೆಯೇ ಕಾಣುತ್ತದೆ.

ಎಡಿಟ್ ಮಾಡುವಾಗ ಹೈಲೈಟ್ಸ್ (ಹೆಚ್ಚು ಬೆಳಕಿನ ಭಾಗಗಳು) ಇಳಿಸಿ, ಶ್ಯಾಡೋಸ್ (ನೆರಳಿನ ಭಾಗಗಳು) ಏರಿಸಿ. ಹೊಸಬರು ತಪ್ಪುವುದು ಇಲ್ಲಿಯೇ: ಶ್ಯಾಡೋಸ್ ಗುಂಡಿಯನ್ನು ಕೊನೆಯವರೆಗೂ ಎಳೆದುಬಿಡುತ್ತಾರೆ. ಮೂಗಿನ ಪಕ್ಕದ ನೆರಳು, ಗಲ್ಲದ ಕೆಳಗಿನ ನೆರಳು ಎಲ್ಲ ಮಾಯವಾಗಿ ಮುಖ ಬೂದಿ ಬಳಿದ ಹಲಗೆಯಂತಾಗುತ್ತದೆ. ಮುಖಕ್ಕೆ ಉಬ್ಬುತಗ್ಗು ಕೊಡುವುದೇ ನೆರಳು, ಅದನ್ನು ಉಳಿಸಿ. ಎತ್ತಿದ ಮುಖ ನೀಲಿಯಾಗಿ ಕಂಡರೆ ಗಾಬರಿಯಾಗಬೇಡಿ. ನೆರಳಿನಲ್ಲಿದ್ದ ಮುಖದ ಮೇಲೆ ಬಿದ್ದದ್ದು ನೀಲಿ ಆಕಾಶದ ಬೆಳಕು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕಿ ಏರಿದಷ್ಟೂ ಬೆಳಕು ನೀಲಿ: ನೇರ ಬಿಸಿಲು ಸುಮಾರು 5,500 ಕೆಲ್ವಿನ್ ಇದ್ದರೆ ನೆರಳು 7,000 ದಾಟುತ್ತದೆ. ಮುಖದ ಭಾಗವನ್ನಷ್ಟೇ ಆರಿಸಿಕೊಂಡು ವೈಟ್ ಬ್ಯಾಲೆನ್ಸ್ ಅನ್ನು, ಅಂದರೆ ಬಣ್ಣದ ಹೊಂದಾಣಿಕೆಯನ್ನು, ತುಸು ಹಳದಿಯ ಕಡೆಗೆ ಸರಿಸಿ.

ಒಂದೇ ಒತ್ತಿಗೆ ಹೊಸ ಆಕಾಶ ಅಂಟಿಸುವ ಸೌಲಭ್ಯವೂ ಈಗ ಇದೆ. ಕಲಿಯುವ ಹಂತದಲ್ಲಿ ಅದು ಬೇಡವೆಂದೇ ನನ್ನ ಸಲಹೆ. ಮುಖದ ಬೆಳಕು ಎಡದಿಂದ, ಅಂಟಿಸಿದ ಸೂರ್ಯ ಬಲದಲ್ಲಿ; ಈ ಅಸಂಗತಿ ನಿಮ್ಮ ಗಮನಕ್ಕೇ ಬಾರದೆ ಹೋದರೆ ಬೆಳಕನ್ನು ಓದುವ ಅಭ್ಯಾಸ ಹತ್ತುವುದೇ ಇಲ್ಲ.

ಇವತ್ತೇ ಒಂದು ಕೆಲಸ ಮಾಡಿ. ಒಬ್ಬರನ್ನೇ ಒಂದೇ ಜಾಗದಲ್ಲಿ ನಿಲ್ಲಿಸಿ 0, −1, −2ರಲ್ಲಿ ಮೂರು ಚಿತ್ರ ತೆಗೆಯಿರಿ. ಮೂರರಲ್ಲೂ ಮುಖವನ್ನು ಒಂದೇ ಮಟ್ಟದ ಬೆಳಕಿಗೆ ಎತ್ತಿ, ಚಿತ್ರವನ್ನು ಪರದೆಯ ಮೇಲೆ ಜೂಮ್ ಮಾಡಿ ನೋಡಿ. ಮೋಡದ ಅಂಚು ಯಾವುದರಲ್ಲಿ ಉಳಿದಿದೆ, ಕೆನ್ನೆ ಯಾವುದರಲ್ಲಿ ಮರಳಾಗಿದೆ? ಎರಡೂ ನಿಮಗೆ ಒಪ್ಪಿಗೆಯಾಗುವ ಅಂಕಿಯನ್ನು ಗುರುತು ಹಾಕಿಕೊಂಡು, ಇಂಥ ಬೆಳಕಿನಲ್ಲಿ ಮುಂದಿನ ಬಾರಿ ಅಲ್ಲಿಂದ ಶುರುಮಾಡಿ.