ಮೊಬೈಲ್ ಹಿಡಿದು ಬೆಳೆದ ಮಕ್ಕಳಿಗೆ ಪಾಠ ಹೇಗೆ ಮಾಡೋದು?

ಓದುಗರ ಪ್ರಶ್ನೆ: ನಮ್ಮ ತರಗತಿಯ ಮಕ್ಕಳಿಗೆ ಬುದ್ಧಿ ಬರುವ ಮೊದಲೇ ಮೊಬೈಲ್ ಬಂದಿದೆ. ಬೋರ್ಡಿನ ಮೇಲೆ ಬರೆದು ಪಾಠ ಮಾಡಿದರೆ ಸ್ವಲ್ಪ ಹೊತ್ತಿಗೇ ಆಕಳಿಸುತ್ತಾರೆ. ಎಲ್ಲ ಪಾಠವನ್ನೂ ವಿಡಿಯೋ, ಕ್ವಿಜ್ ಆ್ಯಪ್‌ಗೆ ಬದಲಾಯಿಸಬೇಕಾ?

ಬೇಡ. ಬೋರ್ಡು, ಚಾಕ್‌ಪೀಸು ಇದ್ದಲ್ಲೇ ಇರಲಿ. ಒಂದು ಪಿರಿಯಡ್‌ನಲ್ಲಿ ಮಕ್ಕಳು ಎಷ್ಟು ಹೊತ್ತು ಸುಮ್ನೆ ಕೇಳಿಸಿಕೊಂಡು ಕೂರುತ್ತಾರೆ, ಎಷ್ಟು ಹೊತ್ತು ತಾವೇ ತಲೆ ಓಡಿಸುತ್ತಾರೆ, ಬದಲಾಗಬೇಕಾದ್ದು ಆ ಲೆಕ್ಕ.

ಈಗಿನ ಮಕ್ಕಳು ಯೋಚಿಸುವ ರೀತಿಯೇ ಬೇರೆ ಅನ್ನೋ ಮಾತನ್ನು ಎಲ್ಲರೂ ಕೇಳಿರುತ್ತೇವೆ, ಅಲ್ವಾ? 2001ರಲ್ಲಿ ಅಮೆರಿಕದ ಶಿಕ್ಷಣ ಲೇಖಕ ಮಾರ್ಕ್ ಪ್ರೆನ್ಸ್ಕಿ ಬರೆದ ಲೇಖನದಿಂದ ಅದು ಎಲ್ಲೆಡೆ ಹಬ್ಬಿತು. ಆದರೆ 2017ರಲ್ಲಿ ಪಾಲ್ ಕಿರ್ಶ್ನರ್ ಮತ್ತು ಇನ್ನೊಬ್ಬ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನು ಜಾಲಾಡಿ, ಅಂಥ ವಿಶೇಷ ಪೀಳಿಗೆ ಯಾವುದೂ ಇಲ್ಲ ಎಂದರು. ಒಟ್ಟಿಗೇ ಎರಡು ಕಡೆ ಗಮನ ಕೊಡೋದು ಹಿಂದಿನವರಿಂದ ಆಗುತ್ತಿರಲಿಲ್ಲ, ಇವರಿಂದಲೂ ಆಗೋದಿಲ್ಲ.

ಬೆರಳು ಚುರುಕಾಗಿರೋದಕ್ಕೂ ತಿಳಿವಳಿಕೆಗೂ ಸಂಬಂಧ ಕಡಿಮೆ. ಮರದ ಮೇಲೆ ವಾಸಿಸುವ ಆಕ್ಟೋಪಸ್ ಬಗ್ಗೆ ಬೇಕಂತಲೇ ಮಾಡಿದ ಸುಳ್ಳು ವೆಬ್‌ಸೈಟ್ ಒಂದಿದೆ. ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು 7ನೇ ತರಗತಿಯ ಮಕ್ಕಳಿಗೆ ತೋರಿಸಿದರು. ಇಂಟರ್‌ನೆಟ್‌ನಲ್ಲಿ ಚೆನ್ನಾಗಿ ಓದಬಲ್ಲವರು ಅಂತಲೇ ಆರಿಸಿದ ಮಕ್ಕಳು ಅವರು, ಆದರೂ ಬಹುತೇಕ ಎಲ್ಲರೂ ನಂಬಿಬಿಟ್ಟರು! ಹಾಗಾಗಿ ಹುಡುಕೋದನ್ನಲ್ಲ, ಸಿಕ್ಕಿದ್ದನ್ನು ಪರೀಕ್ಷಿಸೋದನ್ನು ಹೇಳಿಕೊಡಿ. ಇದನ್ನು ಬರೆದವರು ಯಾರು, ಇದೇ ವಿಷಯವನ್ನು ಬೇರೆಯವರು ಏನಂತಾರೆ, ಈ ಎರಡು ಪ್ರಶ್ನೆ ಕೇಳುವ ಅಭ್ಯಾಸವಾದರೂ ಸಾಕು, ಇದನ್ನು ಯಾವ ಮೊಬೈಲೂ ತಾನಾಗಿ ಕಲಿಸೋದಿಲ್ಲ.

ಇನ್ನು ವಿಡಿಯೋ. ಅದು ಬೇಡ ಅಂತ ನಾನು ಖಂಡಿತ ಹೇಳೋದಿಲ್ಲ. ಹೃದಯದ ಪಾಠ ತಗೊಳ್ಳಿ, ರಕ್ತ ಹರಿಯೋದನ್ನು ಬೋರ್ಡಿನ ಮೇಲೆ ಎಷ್ಟು ಬಾಣ ಎಳೆದರೂ ತೋರಿಸೋದು ಕಷ್ಟ, ಎರಡು ನಿಮಿಷದ ಅನಿಮೇಷನ್ ಅದನ್ನು ಚೆನ್ನಾಗಿ ತೋರಿಸುತ್ತದೆ. ಆದರೆ ಪೂರ್ತಿ ಓಡಿಸಬೇಡಿ. ರಕ್ತ ಬಲ ಹೃತ್ಕುಕ್ಷಿಗೆ (ಹೃದಯದ ಬಲಗಡೆಯ ಕೆಳಗಿನ ಕೋಣೆಗೆ) ಬಂದ ತಕ್ಷಣ ನಿಲ್ಲಿಸಿ, ಇನ್ನು ಎಲ್ಲಿಗೆ ಹೋಗುತ್ತೆ ಅಂತ ಕೇಳಿ. ಎಲ್ಲರೂ ನೋಟ್‌ಬುಕ್‌ನಲ್ಲಿ ಬರೆಯಲಿ, ಕೈ ಎತ್ತಿದವರು ಮಾತ್ರ ಅಲ್ಲ. ಮೈಯೆಲ್ಲಾ ಹೋಗುತ್ತೆ ಅಂತ ಬರೆಯುವವರು ಇದ್ದೇ ಇರುತ್ತಾರೆ. ಪಕ್ಕದವರ ಜೊತೆ ಒಂದು ನಿಮಿಷ ವಾದ ಮಾಡಲಿ. ಆಮೇಲೆ ಪ್ಲೇ ಒತ್ತಿ. ರಕ್ತ ಶ್ವಾಸಕೋಶದ ಕಡೆ ತಿರುಗಿದಾಗ ತಪ್ಪು ಬರೆದವರೇ ಜಾಸ್ತಿ ಗಮನವಿಟ್ಟು ನೋಡುತ್ತಾರೆ.

ಮರುದಿನ ಪುಸ್ತಕ ಮುಚ್ಚಿಸಿ, ರಕ್ತದ ದಾರಿಯನ್ನು ನೆನಪಿನಿಂದಲೇ ಬರೆಸಿ. ಅಮೆರಿಕದ ಮನಃಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಓದಿದ್ದನ್ನೇ ಮತ್ತೆ ಓದಿದವರು 5 ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಆದರೆ ಒಂದು ವಾರ ಬಿಟ್ಟು ಕೇಳಿದಾಗ, ನೆನಪಿಸಿಕೊಂಡು ಬರೆದಿದ್ದವರೇ ಮುಂದೆ ಬಂದರು. ಕ್ವಿಜ್ ಆ್ಯಪ್ ನಿಜಕ್ಕೂ ಉಪಯೋಗಕ್ಕೆ ಬರೋದು ಇಲ್ಲಿ. ಆ್ಯಪ್ ಇಲ್ಲದಿದ್ದರೆ ಒಂದು ಚೀಟಿ ಸಾಕು.

ಕೆಲಸ ಮುಗಿದ ತಕ್ಷಣ ಸ್ಕ್ರೀನ್ ಆಫ್ ಮಾಡಿಸಿ. 2013ರ ಕೆನಡಾದ ಒಂದು ಅಧ್ಯಯನದಲ್ಲಿ, ಪಾಠದ ನಡುವೆ ಲ್ಯಾಪ್‌ಟಾಪ್‌ನಲ್ಲಿ ಬೇರೇನೋ ಮಾಡಿದವರ ಅಂಕ ಇಳಿದಿತ್ತು. ಆ ಸ್ಕ್ರೀನ್ ಕಣ್ಣಿಗೆ ಬೀಳುವಂತೆ ಕೂತಿದ್ದವರ ಅಂಕವೂ ಇಳಿದಿತ್ತು, ಪಾಪ, ಅವರ ತಪ್ಪೇನೂ ಇರಲಿಲ್ಲ.

ಮೊದಮೊದಲು ಮಕ್ಕಳು ಗೊಣಗುತ್ತಾರೆ, "ನಿಲ್ಲಿಸಬೇಡಿ ಟೀಚರ್, ಪೂರ್ತಿ ಹಾಕಿ" ಅಂತ ಗೋಗರೆಯುತ್ತಾರೆ. ಉತ್ತರ ಬರೆದಾದ ಮೇಲೆ ಖಂಡಿತ ಹಾಕಿ.